ಕಪಾಟು ಖಾಲಿಯಾದ ಶನಿವಾರ

ಆ ಶಾಲೆಯ ಗ್ರಂಥಪಾಲಕಿಯನ್ನು ಮಕ್ಕಳು ‘ಉಶ್ ಟೀಚರ್’ ಎಂದು ಕರೆಯುತ್ತಿದ್ದರು. ೧೯೯೪ನೆಯ ಇಸವಿಯ ಆಗಸ್ಟ್ ಒಂದು, ಸೋಮವಾರ, ಕೆಲಸಕ್ಕೆ ಸೇರಿದವರು ಮೊದಲು ಮಾಡಿದ್ದೇ ಕಪಾಟುಗಳ ಬೀಗ ತೆಗೆದದ್ದು. ಹರಿದ ಪುಸ್ತಕವನ್ನು ಅಂಟಿಸಿಕೊಳ್ಳಬಹುದು, ಬೀಗದೊಳಗಿನ ಪುಸ್ತಕವನ್ನು ಏನು ಮಾಡಲಿ ಎಂಬುದು ಅವರ ವಾದವಾಗಿತ್ತು.

ಅಂಥವರನ್ನು ೨೦೧೯ರ ಜೂನ್ ಹನ್ನೊಂದು, ಮಂಗಳವಾರ, ಹೆಡ್ಮಾಸ್ಟರು ತಮ್ಮ ಕೋಣೆಗೆ ಕರೆಸಿ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು:

“ಸೋಮವಾರ ರದ್ದಿಯವನು ಬರ್ತಾನೆ ಮೇಡಂ. ಪುಸ್ತಕ ಎಲ್ಲಾ ತೂಕಕ್ಕೆ ಹಾಕಿ, ಆ ಕೋಣೇಲಿ ಕಂಪ್ಯೂಟರ್ ಇಡೋಣ. ಈಗ ಎಲ್ಲಾ ಇಂಟರ್‌ನೆಟ್‌ನಲ್ಲೇ ಸಿಗುತ್ತಲ್ಲ!”

“ಸಿಗುತ್ತೆ ಸಾರ್, ಒಂದು ಪ್ರಶ್ನೆಗೆ ಸಾವಿರ ಉತ್ತರ ಸಿಗುತ್ತೆ. ಯಾವುದನ್ನ ನಂಬಬೇಕು ಅಂತ ಮಗೂಗೆ ಯಾರು ಹೇಳಿಕೊಡ್ತಾರೆ? ಕಂಪ್ಯೂಟರ್ ಬೇಡ ಅಂತ ನಾನೆಲ್ಲಿ ಅಂದೆ? ಎರಡೂ ಒಂದೇ ಕೋಣೇಲಿ ಇರಲಿ.”

“ಜಾಗ ಎಲ್ಲಿದೆ? ಅಷ್ಟಕ್ಕೂ ಅಲ್ಲಿಗೆ ಯಾರು ಬರ್ತಾರೆ ಹೇಳಿ? ನಾನು ನೋಡಿದಾಗೆಲ್ಲ ಕೋಣೆ ಖಾಲಿ.”

ಉಶ್ ಟೀಚರಿಗೆ ಪಿತ್ತ ನೆತ್ತಿಗೇರಿತು. ಗ್ರಂಥಾಲಯದ ಅವಧಿಯನ್ನು ವೇಳಾಪಟ್ಟಿಯಿಂದ ಕಿತ್ತು ಗಣಿತಕ್ಕೆ ಕೊಟ್ಟವರು ಇವರೇ. ಊಟದ ಬಿಡುವಿನಲ್ಲಿ ಮಕ್ಕಳು ಪುಸ್ತಕಕ್ಕೆ ಮುಗಿಬೀಳುವಾಗ ಡಬ್ಬಿ ಬಿಚ್ಚಿಕೊಂಡು ಕುಳಿತಿರುವವರೂ ಇವರೇ! ಬರುವ ದಾರಿಯನ್ನು ತಾವೇ ಮುಚ್ಚಿ, ಯಾರೂ ಬರುವುದಿಲ್ಲವೆಂದು ದೂರುವುದು ಯಾವ ಸೀಮೆಯ ನ್ಯಾಯ?

ಮನೆಯಲ್ಲಿ ಗಂಡ, “ಇನ್ನೆರಡು ವರ್ಷಕ್ಕೆ ರಿಟೈರ್ ಆಗ್ತೀಯ. ಯಾಕೆ ಮೈಮೇಲೆ ಎಳ್ಕೋತೀಯ?” ಎಂದರು.

“ನಾನು ರಿಟೈರ್ ಆಗ್ತೀನಿ ರೀ, ಮಕ್ಕಳು ಆಗ್ತಾರಾ?”

ಶನಿವಾರ ಶಾಲೆ ಬಿಡುವ ಹೊತ್ತಿಗೆ ಅವರು ಗ್ರಂಥಾಲಯದ ಬಾಗಿಲಲ್ಲಿ ನಿಂತು ಕೂಗಿದರು: “ಬನ್ರೋ, ಬನ್ನಿ! ಇವತ್ತು ಒಬ್ಬೊಬ್ಬರಿಗೆ ನಾಲ್ಕು ಪುಸ್ತಕ!”

“ನಿಜವಾಗ್ಲೂನಾ ಟೀಚರ್? ದಪ್ಪದ್ದೂ ಕೊಡ್ತೀರಾ?”

“ಹೊರೋಕಾದ್ರೆ ತಗೊಂಡು ಹೋಗೇ ತಾಯಿ.”

ವಿಶ್ವಕೋಶದ ಸಂಪುಟಗಳನ್ನು ಇಬ್ಬಿಬ್ಬರು ಸೇರಿ ಹೊತ್ತು ನಡೆದರು. ಗದ್ದಲವೋ ಗದ್ದಲ! ಉಶ್ ಎನ್ನುವುದನ್ನು ಟೀಚರ್ ಅಂದು ಮರೆತೇಬಿಟ್ಟರು.

ಸೋಮವಾರ ರದ್ದಿಯವನು ತಕ್ಕಡಿ ಹಿಡಿದು ಬಂದಾಗ ಕಪಾಟುಗಳು ಬೋಳಾಗಿ ನಿಂತಿದ್ದವು.

“ಪುಸ್ತಕ ಎಲ್ಲಿ?” ಎಂದು ಹೆಡ್ಮಾಸ್ಟರು ಗುಡುಗಿದರು.

“ಓದಿಸಿಕೊಳ್ಳೋಕೆ ಹೋಗಿವೆ ಸಾರ್. ಹದಿನೈದು ದಿನ ಆಗದೆ ವಾಪಸ್ ಕೇಳಬಾರದು ಅಂತ ನೀವೇ ಸಹಿ ಹಾಕಿ ಗೋಡೆಗೆ ಅಂಟಿಸಿದ್ದೀರಿ.”

“ಇದು ಉದ್ಧಟತನ!”

“ಯಾರೂ ಬರಲ್ಲ ಅಂದಿದ್ರಲ್ಲ ಸಾರ್. ಯಾರೂ ಬರದೇನೇ ಇಷ್ಟೊಂದು ಖಾಲಿ ಆಯ್ತಾ?”

“ಹಾಗಾದ್ರೆ ಕಪಾಟಾದ್ರೂ ಕೊಡ್ತೀರಾ?” ಎಂದು ಕೇಳಿದ ರದ್ದಿಯವನು ಇಬ್ಬರಿಂದಲೂ ಬೈಸಿಕೊಂಡು ಹೊರಟ.

ಗಡುವು ಮುಗಿದ ಜೂನ್ ಮೂವತ್ತು ಭಾನುವಾರವಾದ್ದರಿಂದ, ಜುಲೈ ಒಂದರಂದು ಪುಸ್ತಕ ತಂದ ಮಕ್ಕಳ ಸಾಲು ಗೇಟಿನವರೆಗೆ ಬೆಳೆಯಿತು. ಅಷ್ಟರಲ್ಲಿ ಕಂಪ್ಯೂಟರುಗಳೂ ಬಂದು ಕಪಾಟುಗಳ ಎದುರು ಗೋಡೆಗೆ ಕುಳಿತಿದ್ದವು. ಇಲ್ಲವೆಂದಿದ್ದ ಜಾಗ ಅದೆಲ್ಲಿಂದಲೋ ಹುಟ್ಟಿಕೊಂಡಿತ್ತು. ಒಳಗೆ ನುಗ್ಗಹೊರಟ ಹೆಡ್ಮಾಸ್ಟರನ್ನು ಒಬ್ಬ ಪುಟ್ಟ ಹುಡುಗಿ ತಡೆದಳು:

“ಸಾರ್, ಸಾಲಲ್ಲಿ ಬನ್ನಿ.”

ರದ್ದಿಯವನ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ತಪ್ಪಾಯಿತೆಂದೂ ಅನ್ನಲಿಲ್ಲ. ಕಿತ್ತುಕೊಂಡ ಗ್ರಂಥಾಲಯದ ಅವಧಿಯನ್ನಂತೂ ಇಂದಿಗೂ ಹಿಂದಿರುಗಿಸಿಲ್ಲ.