ಮಾಸ್ಟರು ಹೂಂ ಅಂದ ಮೇಲೆ

ನಮ್ಮ ರಾಯದುರ್ಗದ ಜೀನ್ಸ್ ಶೆಡ್ಡಿನಲ್ಲಿ ಬೋರಪ್ಪನವರು ಕಟಿಂಗ್ ಮಾಸ್ಟರು. ಹೆಂಡತಿ ಕದರಮ್ಮನ ಜೊತೆ ಮಡಕಶಿರಾ ಕಡೆಯಿಂದ ಬಂದು ಇಲ್ಲೇ ನೆಲೆ ನಿಂತವರು. ಬಟ್ಟೆ ಹಾಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದ ಮೇಲೆ, ಅವರ ಕೈಕೆಳಗೆ ಕೆಲಸ ಮಾಡುವ ನಾನು ಎದುರಿಗೆ ನಿಂತು ಅಳತೆಯನ್ನು ಗಟ್ಟಿಯಾಗಿ ಓದಬೇಕು. ಅವರು ಹೂಂ ಅನ್ನುವ ತನಕ ಕತ್ತರಿ ಮುಟ್ಟುವಂತಿಲ್ಲ. ಅವಸರ ಮಾಡಿ ಅವರಿಂದ ಬೈಸಿಕೊಳ್ಳದವರು ಶೆಡ್ಡಿನಲ್ಲಿ ಒಬ್ಬರೂ ಇಲ್ಲ.

ಅಂಥವರಿಗೆ ಲಕ್ವಾ ಹೊಡೆದು ಕೈಕಾಲಿನ ಜೊತೆ ಮಾತೂ ಹೋಯಿತು. ಕಣ್ಣು ಮಾತ್ರ ಆಡುತ್ತಿತ್ತು. ಬೆಂಗಳೂರಿನ ಡಾಕ್ಟರುಗಳು ಹೊಸ ಪ್ರಯೋಗವೆಂದು ತಲೆಯೊಳಗೆ ಸಣ್ಣದೊಂದು ಯಂತ್ರ ಕೂರಿಸಿದರು. ಮಾಸ್ಟರು ಮನಸ್ಸಿನಲ್ಲಿ ಆಡಿಕೊಂಡ ಮಾತು ಕಂಪ್ಯೂಟರಿನಲ್ಲಿ ಮೂಡುತ್ತಿತ್ತು. ಆದರೆ ಅದು ಅರ್ಧ ಹಿಡಿದು ಉಳಿದರ್ಧವನ್ನು ಊಹಿಸುತ್ತಿತ್ತು. ಅದಕ್ಕೇ ಸರಿಯೋ ತಪ್ಪೋ ಹೇಳಲು ಮನೆಯವರೊಬ್ಬರು ಪಕ್ಕದಲ್ಲಿರಬೇಕು ಎಂದ, ಅದನ್ನು ನೋಡಿಕೊಳ್ಳಲು ಬರುತ್ತಿದ್ದ ಇಂಜಿನಿಯರ್ ಗೋವರ್ಧನ್.

ಕದರಮ್ಮ ಕೂತರು. ಕೂತರೇನು, ಯಂತ್ರಕ್ಕಿಂತ ಮುಂದೆ ಓಡಿದರು! 'ನೀರು' ಎಂದು ಮೂಡಿದರೆ ಸಾಕು, "ಬಿಸಿನೀರು ಕೇಳ್ತಾವ್ರೆ, ಬರ್ಕಳಪ್ಪಾ" ಅನ್ನುವರು. ಪಾಪ, ರಾಯದುರ್ಗದ ಬೇಸಿಗೆಯಲ್ಲಿ ಮಾಸ್ಟರು ಬಿಸಿನೀರು ಕುಡಿದರು. ಅವರನ್ನು ನೋಡಲು ಮನೆಗೆ ಹೋಗುತ್ತಿದ್ದ ಶೆಡ್ಡಿನವರೆಲ್ಲ ನಕ್ಕೆವು.

ನಗು ನಿಂತದ್ದು ಮಗಳು ಗಂಗೋತ್ರಿಯ ಮದುವೆಯ ಮಾತು ಬಂದಾಗ. ಅಮರಾಪುರದಲ್ಲಿರುವ ತಮ್ಮ ಅಣ್ಣನ ಮಗನಿಗೇ ಕೊಡಬೇಕೆಂದು ಕದರಮ್ಮನ ಹಟ. ನಮ್ಮ ಶೆಡ್ಡಿನಲ್ಲಿ ಜೇಬು ಹೊಲಿಯುವ ಆ ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ಅಪ್ಪ ಹೇಳಿದ್ದೇ ಕೊನೆ ಎಂದಾಗಿತ್ತು. ಮಾಸ್ಟರನ್ನು ಕೇಳಿದಾಗ ಪರದೆಯ ಮೇಲೆ 'ಅಮರಾಪುರ' ಎಂದಷ್ಟೇ ಮೂಡಿತು.

"ನೋಡ್ದಾ? ಅಮರಾಪುರಕ್ಕೇ ಕೊಡಾಣ ಅಂತಾವ್ರೆ!" ಕದರಮ್ಮ ಅಣ್ಣನಿಗೆ ಹೇಳಲು ಫೋನು ಎತ್ತಿಯೇಬಿಟ್ಟರು. ಗಂಗೋತ್ರಿ ಗೋಡೆಯ ಕಡೆ ತಿರುಗಿದಳು.

ನನಗೆ ಮೈಯೆಲ್ಲ ಉರಿಯಿತು. "ಅಕ್ಕಾ, ಫೋನ್ ಇಡ್ರಿ! ಮಾಸ್ಟರು ಹೂಂ ಅಂದ್ರೇನ್ರಿ? ಅಳತಿ ಓದ್ಲಾರ್ದ ಕತ್ತರಿ ಹಾಕ್ತೀರೇನು?"

"ನಂಗೊತ್ತಿಲ್ವಾ ಅವ್ರ ಮನ್ಸು? ಇಷ್ಟು ವರ್ಸ ಸಂಸಾರ ಮಾಡಿವ್ನಿ."

"ಗೊತ್ತಿದ್ರ ಓದಾಕ ಯಾಕ ಅಂಜ್ತೀರಿ?"

ಗೋವರ್ಧನನಿಗೂ ಅದೇ ಸರಿ ಅನ್ನಿಸಿತು. ಬರೆದಿದ್ದನ್ನು ಓದಿ ಹೇಳುವುದು, ಸರಿಯಿದ್ದರೆ ಮಾಸ್ಟರು ಎರಡು ಸಲ ಕಣ್ಣು ಮುಚ್ಚುವುದು ಎಂದಾಯಿತು. ತಾವೇ ಹೇಳಿ ಬರೆಸಿದ್ದ "ಅಮರಾಪುರಕ್ಕೇ ಕೊಡಾಣ" ಎಂಬುದನ್ನು ಕದರಮ್ಮ ಓದಿದರು. ಮಾಸ್ಟರ ಕಣ್ಣು ತೆರೆದೇ ಇತ್ತು. ಗೋವರ್ಧನ್ ಅದನ್ನು ಅಳಿಸಿದ. ಮಾಸ್ಟರು ಬೆವೆತರು, ಮಾತು ಒಂದೊಂದಾಗಿ ಪರದೆಗೆ ಬಂತು. ಕದರಮ್ಮನೇ ಓದಬೇಕಾಯಿತು: "ಅಮರಾಪುರ ಆಮೇಲೆ. ಮೊದ್ಲು ಗಂಗೋತ್ರೀನ ಕೇಳು. ನೀನು ಸುಮ್ನಿರು."

ಕಣ್ಣು ಎರಡು ಸಲ, ನಿಧಾನವಾಗಿ ಮುಚ್ಚಿತು.

ಕದರಮ್ಮನಿಗೆ ನಗು, ಅಳು ಒಟ್ಟಿಗೇ ಬಂದವು. "ಇದು ಇವ್ರದೇ ಮಾತು ಕಣಪ್ಪಾ! ಈ ಬೈಗುಳನ ಯಾವ ಮಿಸಿನ್ನೂ ಊಹೆ ಮಾಡಕಾಗಲ್ಲ." ಆಮೇಲೆ ಮಗಳ ಕಡೆ ತಿರುಗಿದರು. "ಹೇಳವ್ವಾ, ನಿಂಗೇನ್ ಬೇಕು?"

ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಇವರೇ "ಅವ್ಳಿಗೆ..." ಎಂದು ಶುರು ಮಾಡಿದರು. ಗಂಡನ ಕಣ್ಣು ನೋಡಿ ಬಾಯಿಗೆ ಸೆರಗು ಒತ್ತಿಕೊಂಡರು.

"ನಂಗ ಆ ಸಂಬಂಧ ಬ್ಯಾಡಪ್ಪಾ" ಎಂದಳು ಗಂಗೋತ್ರಿ.

ಯಾರೂ ಓದಿ ಹೇಳುವ ಮೊದಲೇ ಮಾಸ್ಟರು ಎರಡು ಸಲ ಕಣ್ಣು ಮುಚ್ಚಿದರು.