ಮೊದಲ ಬಟ್ಟಲು ಅಂಬಲಿ

ಸುಡು ಬೇಸಿಗೆಯಲ್ಲೂ ನಮ್ಮ ಓನರಮ್ಮನ ಕೈ ಫ್ರಿಜ್ಜಿನಿಂದ ತೆಗೆದ ಸೌತೆಕಾಯಿಯಷ್ಟು ತಣ್ಣಗಿರುತ್ತಿತ್ತು. ಬೀದರಿನಿಂದ ಬಂದು ಹಲಸೂರಿನ ಅವರ ಮಹಡಿ ಕೋಣೆಗೆ ಬಾಡಿಗೆಗೆ ಸೇರಿದ ದಿನ ಆ ಕೈಯನ್ನು ನನ್ನ ಕೆನ್ನೆಗಿಟ್ಟು, "ಬೆಚ್ಚಿ ಬೀಳ್ಬೇಡ ಕಣ್ಣು, ಇದು ಹಾರ್ಟ್ ಮಾತ್ರೆ ಮಾಡಿರೋ ಕೆಲ್ಸ" ಎಂದು ನಕ್ಕಿದ್ದರು. ಎದೆಬಡಿತ ಹತೋಟಿಯಲ್ಲಿಡಲು ಡಾಕ್ಟರು ಕೊಟ್ಟ ಬೀಟಾ ಬ್ಲಾಕರ್ ಅದು. ಮೆಟ್ಟಿಲು ಹತ್ತಿದರೆ ಸುಸ್ತು, ಮಲಗಿದರೆ ಚಿತ್ರವಿಚಿತ್ರ ಕನಸು. ಎಲ್ಲಕ್ಕೂ ಆ ಮಾತ್ರೆಯನ್ನೇ ಬೈಯುತ್ತಿದ್ದರು, ಬೈದುಕೊಂಡೇ ನುಂಗುತ್ತಿದ್ದರು.

ಬೈಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಗೇಟಿಗೆ ಅಡ್ಡ ಗಾಡಿ ನಿಲ್ಲಿಸಿದವನಿಗೆ ತಮಿಳು, ಕನ್ನಡ, ದಖನಿ ಉರ್ದು ಮೂರರಲ್ಲೂ ಬೀಳುತ್ತಿತ್ತು.

ತಮಿಳರ ಆಷಾಢವಾದ ಆಡಿ ಮಾಸದಲ್ಲಿ ಮಾರಿಯಮ್ಮನ ಗುಡಿ ಮುಂದೆ ಬೀದಿಗೆಲ್ಲ ರಾಗಿ ಅಂಬಲಿ ಹಾಕುವುದು ಅವರ ಹರಕೆ. ಕೊನೆಯವರಿಗೆ ಬಡಿಸುವ ತನಕ ಸೌಟು ಹಿಡಿದವರು ಬಾಯಿಗೆ ಏನೂ ಹಾಕುವಂತಿಲ್ಲ. ನಾನು ಬಂದ ವರ್ಷ ಬಡಿಸುತ್ತಿದ್ದಂತೆಯೇ ಅವರು ಹಂಡೆಯ ಪಕ್ಕ ಕುಸಿದರು. ಅವರಿಗೆ ಸಕ್ಕರೆ ಕಾಯಿಲೆಯೂ ಇತ್ತು; ಹಸಿದ ಹೊಟ್ಟೆಗೆ ಶುಗರ್ ಮಾತ್ರೆಯನ್ನೂ ನುಂಗಿ ಬಂದು, ಸಕ್ಕರೆ ಇಳಿದುಬಿಟ್ಟಿತ್ತು.

ಮರುವರ್ಷ ಅವರ ಮಗ ಹೇಳಿದರು: "ಈ ಸಲ ಬೇಡಮ್ಮ, ಕೇಟರಿಂಗ್‌ನೋರಿಗೆ ಹೇಳ್ಬಿಡ್ತೀನಿ."

"ಕೇಟರಿಂಗ್‌ನೋನೇನೋ ಹರಕೆ ಹೊತ್ತಿದ್ದು?"

ನನ್ನನ್ನು ಎಳೆದುಕೊಂಡು ಡಾಕ್ಟರ ಬಳಿ ಹೋದರು. "ನಿಲ್ಸು ಅಂತ ಮಾತ್ರ ಹೇಳ್ಬೇಡಿ. ಹೇಗೆ ಮಾಡ್ಬೇಕು ಅದ್ ಹೇಳಿ. ಅವತ್ತೊಂದಿನ ಹಾರ್ಟ್ ಮಾತ್ರೆ ಬಿಡ್ಲಾ?"

ಡಾಕ್ಟರು ಗಾಬರಿಯಾದರು. "ಬಿಡ್ಬೇಡಿ, ಬಿಡ್ಬೇಡಿ. ಅದನ್ನ ದಿಢೀರಂತ ಬಿಟ್ರೆ ಎದೆಗೇ ಅಪಾಯ. ನೋಡಿಮ್ಮಾ, ಶುಗರ್ ಇಳಿದ್ರೆ ಎದೆ ಹೊಡ್ಕೊಂಡು, ಕೈ ನಡುಗಿ ನಿಮ್ಗೆ ಗೊತ್ತಾಗ್ಬೇಕು. ಈ ಮಾತ್ರೆ ಆ ಎರಡನ್ನೂ ಮುಚ್ಚಿಬಿಡುತ್ತೆ. ಬೆವರೊಂದು ಉಳಿಯುತ್ತೆ."

"ಒಲೆ ಮುಂದೆ ಬೆವರಿದ್ರೆ ಯಾರಿಗ್ರೀ ಅನುಮಾನ ಬರುತ್ತೆ?"

"ಅದಕ್ಕೇ ಹೇಳೋದು, ಉಪವಾಸ ಬೇಡ. ತಿಂದು ಬಡಿಸಿ."

ವಾಪಸು ಬಂದಾಗ ಗೇಟಿಗೆ ಅಡ್ಡ ನಿಂತಿದ್ದ ಗಾಡಿಯನ್ನು ಬಳಸಿಕೊಂಡು ಅವರು ಒಳಗೆ ನಡೆದರು. ಬೈಗುಳವಿಲ್ಲದ ಓನರಮ್ಮನನ್ನು ಕಂಡು ನನಗೆ ಭಯವಾಯಿತು. ಉಪವಾಸವಿದ್ದರೆ ಜೀವಕ್ಕೆ ಕುತ್ತು, ಸೌಟು ಬಿಟ್ಟರೆ ಹರಕೆಗೆ.

ಹರಕೆಯ ದಿನ ಬೀದಿಯೆಲ್ಲ ಸಾಲು ನಿಂತಿತ್ತು. ಅವರು ಹಂಡೆಯಿಂದ ಮೊದಲ ಬಟ್ಟಲು ತುಂಬಿಕೊಂಡು, ಈರುಳ್ಳಿ ಕಚ್ಚುತ್ತಾ, ಎಲ್ಲರೆದುರು ಗಟಗಟ ಕುಡಿದರು. ಸಾಲಿನಲ್ಲಿ ಗುಸುಗುಸು ಎದ್ದಿತು. ಗುಡಿಯ ಹಿರಿಯರೊಬ್ಬರು, "ಏನಮ್ಮಾ ಇದು, ಅಮ್ಮನಿಗೆ ಎಡೆ ಇಟ್ಟ ತಕ್ಷಣ ನೀನೇ ತಿನ್ನೋದಾ?" ಎಂದರು.

"ಮಾರಿಯಮ್ಮನಿಗೆ ನನ್ ಹಸಿವು ಬೇಕಾ, ನನ್ ಕೈ ಬೇಕಾ? ಕೇಳ್ಕೊಂಡ್ ಬನ್ನಿ. ಅಲ್ಲೀವರ್ಗೂ ನಾನು ಬಡಿಸ್ತಿರ್ತೀನಿ."

ಯಾರೂ ಕೇಳಲು ಹೋಗಲಿಲ್ಲ. ಹಂಡೆಯ ತಳ ಕಾಣುವವರೆಗೂ ಅವರು ನಿಂತೇ ಬಡಿಸಿದರು. ಪಕ್ಕದಲ್ಲಿ ಸಕ್ಕರೆ ಪೊಟ್ಟಣ ಹಿಡಿದು ನಿಂತಿದ್ದ ನನಗೆ ಮಾಡಲು ಕೆಲಸವೇ ಇರಲಿಲ್ಲ. ಅಷ್ಟು ಹೆಮ್ಮೆ ನನಗೆ ಇನ್ಯಾವತ್ತೂ ಆಗಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಓನರಮ್ಮ ಪಾರ್ಶ್ವವಾಯು ಹೊಡೆದು ತೀರಿಕೊಂಡರು. ಮಾರಿಯಮ್ಮನ ಕೋಪ, ವ್ರತ ಕೆಡಿಸಿದ್ದಕ್ಕೇ ಹೀಗಾಯಿತು ಎಂದು ಸಾವಿನ ಮನೆಯಲ್ಲೇ ಕೆಲವರು ಆಡಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಉಪವಾಸವಿದ್ದು ಕುಸಿದು ಬಿದ್ದಾಗ ಅದು ಯಾರ ಕೋಪವಾಗಿತ್ತಂತೆ?

ಈ ಆಡಿಯಲ್ಲಿ ಮಗ ಸೌಟನ್ನು ನನ್ನ ಕೈಗೆ ಕೊಟ್ಟರು. ನನಗೆ ಶುಗರೂ ಇಲ್ಲ, ಹಾರ್ಟ್ ಮಾತ್ರೆಯೂ ಇಲ್ಲ; ಹಸಿದಿರಬಹುದಿತ್ತು. ಸಾಲಿನ ಮುಂದೆ ಅದೇ ಹಿರಿಯರು ನಿಂತಿದ್ದರು.

"ಉಪವಾಸ ಇದ್ದೀಯ ತಾನೆ?"

"ಇಲ್ರೀ ಅಜ್ಜಾರ. ಹೊಟ್ಟಿ ತುಂಬ ಉಂಡೇ ಬಂದೀನಿ."

ಅವರು ನನ್ನ ಮುಖವನ್ನೇ ನೋಡಿದರು. ನಾನೂ ಕಣ್ಣು ಕೆಳಗಿಳಿಸಲಿಲ್ಲ. ಕೊನೆಗೆ ಅವರೇ ಬಟ್ಟಲು ಮುಂದೆ ಚಾಚಿದರು.