ಬಚ್ಚಲೊಲೆಯ ಮುಂದೆ ಎರಡು ಕುರ್ಚಿ

ಮನೆಗೆ ಬೀಗ ಹಾಕಿ ಗೇಟಿನವರೆಗೆ ಹೋದವಳು ಮತ್ತೆ ಬಂದು ಬೀಗ ಜಗ್ಗಿ ನೋಡುತ್ತೇನೆ. ಇದಕ್ಕೆ ಔಷಧಿ ಇಲ್ಲವೆಂದು ನನ್ನ ಯಜಮಾನರು ಕೈಬಿಟ್ಟು ಎಷ್ಟೋ ಕಾಲವಾಯಿತು. ಆದರೆ ಚಿಕ್ಕಮಗಳೂರಿನ ಆಸ್ಪತ್ರೆಯೊಂದರ ಮೂಳೆ ವಾರ್ಡಿನಲ್ಲಿ ನರ್ಸಾಗಿರುವ ನನಗೆ ಈ ರೋಗ ಒಮ್ಮೆ ಭಾರೀ ಉಪಕಾರ ಮಾಡಿತು.

ಸಂಸೆ ಕಡೆಯ ಅಜ್ಜಿಯೊಬ್ಬರು ಕಾಫಿ ತೋಟದಲ್ಲಿ ಜಾರಿ ಬಿದ್ದು, ಸೊಂಟದ ಕೀಲು ಬದಲಾಯಿಸಬೇಕಾಗಿ ಬಂದಿತ್ತು. ಡಿಸ್ಚಾರ್ಜ್ ದಿನ ಎಲ್ಲ ಹೇಳಿದೆ: ತಗ್ಗಿನಲ್ಲಿ ಕೂರಬಾರದು, ಕುಕ್ಕರಗಾಲಲ್ಲಂತೂ ಕೂಡದೇ ಕೂಡದು; ಹೊಸ ಕೀಲು ಜಾರಿದರೆ ಮತ್ತೆ ಆಪರೇಷನ್ನು. ಅಜ್ಜಿ, ಸೊಸೆ ಇಬ್ಬರೂ "ಆಯ್ತು, ಆಯ್ತು" ಅಂದರು. ಹೊರಗೆ ಜೀಪು ಕಾಯುತ್ತಿತ್ತು. ಆ 'ಆಯ್ತು' ನನಗೆ ಸಮಾಧಾನವಾಗಲಿಲ್ಲ. ಬೀಗ ಜಗ್ಗುವವಳ ಹಾಗೆ ಮತ್ತೆ ಹೋದೆ.

"ಅಜ್ಜಿ, ಮನೆಗೆ ಹೋಗಿ ಮೊದ್ಲು ಏನ್ ಮಾಡ್ತೀರಿ? ನೀವೇ ಹೇಳಿ ನೋಡುವ."

"ಏನ್ ಮಾಡೋದು? ಈ ಚಳೀಲಿ ಬಚ್ಚಲೊಲೆ ಎದ್ರು ಸ್ವಲ್ಪ ಬೆಂಕಿ ಕಾಯಿಸ್ಕೊಳ್ಳೋದು."

"ಹೇಗೆ?"

ಅಜ್ಜಿ ವಾಕರ್ ಹಿಡಿದು, ಮಂಡಿ ಮಡಿಸಿ ಇಳಿಯತೊಡಗಿದರು! ನಾನೂ ಸೊಸೆಯೂ ಹಾರಿ ಹಿಡಿದೆವು.

"ಕೂರ್ಬೇಡಿ ಅಂದ್ನಲ್ಲ ಅಜ್ಜಿ!"

"ಅಯ್ಯೋ ಮಾರಾಯ್ತಿ, ಚಳಿ ಕಾಯಿಸ್ಬೇಡಿ ಅಂತ ನೀವು ಹೇಳ್ಲೇ ಇಲ್ವಲ್ಲ!"

ಬೈಯುವ ಹಾಗಿರಲಿಲ್ಲ. ನಮ್ಮ ಮನೆಯ ಬಚ್ಚಲೊಲೆಯ ಮುಂದೆ ಕುಕ್ಕರಿಸದೆ ನನಗೂ ಬೆಳಗಾಗುವುದಿಲ್ಲ. "ಒಲೆ ಬಿಡ್ಬೇಡಿ, ಕುರ್ಚಿ ಹಾಕ್ಕೊಳ್ಳಿ" ಅಂದೆ. ಮನೆಯಲ್ಲಿರುವ ಪ್ಲಾಸ್ಟಿಕ್ ಕುರ್ಚಿ ತಗ್ಗು ಎಂದಳು ಸೊಸೆ. ವಾರ್ಡಿನಲ್ಲೇ ಅಂಥ ಎರಡು ಕುರ್ಚಿ ಎತ್ತರಕ್ಕೆಂದು ಒಂದರ ಮೇಲೊಂದು ಪೇರಿಸಿ, ಅಜ್ಜಿಯನ್ನು ಕೂರಿಸಿ, ಏಳಿಸಿ, ಮನೆಯಲ್ಲಿ ಏನು ಮಾಡುವುದೆಂದು ಅವರ ಬಾಯಲ್ಲೇ ಹೇಳಿಸಿದೆ. ಜೀಪಿನವನು ಹಾರ್ನ್ ಹೊಡೆದದ್ದೇ ಹೊಡೆದದ್ದು. ಜೀಪು ಹೋದ ಮೇಲೆ ಹೊಸ ಚಿಂತೆ ಹತ್ತಿತು: ಬೆಂಕಿಗೆ ಪ್ಲಾಸ್ಟಿಕ್ ಕರಗಿದರೆ?

ಚೆಕಪ್ಪಿಗೆ ಅಜ್ಜಿ ವಾಕರ್ ಬಿಟ್ಟು ಕೋಲೂರಿಕೊಂಡು ಬಂದರು. ಎಕ್ಸ್‌ರೇ ನೋಡಿದ ಡಾಕ್ಟರು ಕೀಲು ಗಟ್ಟಿಯಾಗಿ ಕೂತಿದೆ ಅಂದಾಗ, ಅದನ್ನು ಕೂರಿಸಿದವಳೇ ನಾನೆಂಬಂತೆ ಬೀಗಿದೆ. ಈಗ ನಮ್ಮ ವಾರ್ಡಿನಲ್ಲಿ, ಮನೆಗೆ ಹೋಗಿ ಮೊದಲು ಏನು ಮಾಡುತ್ತೇವೆಂದು ಹೇಳಿ ತೋರಿಸದೆ ಯಾರೂ ಹೊರಡುವಂತಿಲ್ಲ.

ಅಜ್ಜಿ ಚೆಕಪ್ಪಿಗೆ ಬಂದ ದಿನ, ಕಾಲಿಗೆ ರಾಡ್ ಹಾಕಿಸಿಕೊಂಡು ಮನೆಗೆ ಹೊರಟಿದ್ದ ಜಾವಳಿ ಕಡೆಯವರೊಬ್ಬರು ಬೆಂಚಿನ ಮೇಲಿದ್ದರು. ಅಜ್ಜಿ ಅವರಿಗೆ ಹೇಳುತ್ತಿದ್ದರು: "ಮನೆಗ್ ಹೋಗಿ ಏನ್ ಮಾಡ್ತೀ, ಹೇಳ್ಬಿಡು ಮಾರಾಯ. ಈ ಸಿಸ್ಟರು ಸುಮ್ನೆ ಬಿಡೋರಲ್ಲ."

ನಾನು ಮೆಲ್ಲಗೆ ಕೇಳಿದೆ, "ಅಜ್ಜಿ, ಕುರ್ಚಿ ಒಲೆಯಿಂದ ದೂರ ಇದೆ ತಾನೆ?"

"ಇದೆ ಮಾರಾಯ್ತಿ. ಆದ್ರೆ ಈಗ ಸೊಸೇನೂ ಅದ್ರ ಮೇಲೇ ಕೂರೋದು, ನಂಗೆ ಜಾಗ ಸಿಗ್ಬೇಕಲ್ಲ!"